ಹದಿನಾರರಲ್ಲಿ ಕೇಳುವ ಪ್ರಶ್ನೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ನಮ್ಮ ಕಡೆಯ ಜಗುಲಿಗಳ ಮೇಲೆಲ್ಲ ಒಂದೇ ವಿಚಾರಣೆ. 'ಏನ್ ತಗಂಡೆ ಮಗ?' 'ಸೈನ್ಸು ದೊಡ್ಡಪ್ಪ, ಪಿಸಿಎಂಬಿ.' ದೊಡ್ಡಪ್ಪ ತಲೆದೂಗುತ್ತಾರೆ. ಆರ್ಟ್ಸ್ ಎಂದರೆ ಮಾತ್ರ ಒಂದು ಗಳಿಗೆ ಸುಮ್ಮನಿದ್ದು, 'ಹೋಗ್ಲಿ ಬುಡು, ಚೆನ್ನಾಗ್ ಓದು' ಎನ್ನುತ್ತಾರೆ. ಆ ಒಂದು ಗಳಿಗೆಯ ಮೌನವನ್ನು ಮಕ್ಕಳು ಬೇಗ ಮರೆಯುವುದಿಲ್ಲ.

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ವಿಷಯ. ಆ ನಾಲ್ಕನ್ನು ಆರಿಸಿಕೊಳ್ಳುವಾಗ ಮಕ್ಕಳಿಗೆ ಹದಿನೈದೋ ಹದಿನಾರೋ. ಅರ್ಜಿಯಲ್ಲಿ ಹಾಕಿದ ಒಂದು ಗುರುತು ಎರಡು ವರ್ಷ ಕಳೆದ ಮೇಲೆ ಮಾತಾಡಲು ಶುರುಮಾಡುತ್ತದೆ. ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ, ಗಣಿತ ಓದಿರಲೇಬೇಕು. ವೈದ್ಯಕೀಯಕ್ಕೆ ನೀಟ್, ನೀಟ್‌ಗೆ ಜೀವಶಾಸ್ತ್ರ. ಬೇಸಾಯ ಕಲಿಸುವ ಬಿ.ಎಸ್ಸಿ. ಕೃಷಿಗೂ ವಿಜ್ಞಾನವೇ ಆಗಬೇಕು. ಪಿಸಿಎಂಬಿ ಓದಿದವನು ನಾಳೆ ಬಿ.ಎ.ಗೋ ಬಿ.ಕಾಂ.ಗೋ ಸೇರಬಹುದು, ಆರ್ಟ್ಸ್‌ನ ಎಚ್‌ಇಪಿಎಸ್ ಓದಿದವಳು ವಿಜ್ಞಾನದ ಕಡೆಗೆ ಹೋಗುವಂತಿಲ್ಲ. ಹಾಗಾಗಿ 'ಯಾವುದಕ್ಕೂ ಇರಲಿ, ಸೈನ್ಸೇ ತಗೊ' ಎಂಬ ಬುದ್ಧಿವಾದ. ವಿಜ್ಞಾನದ ಮೇಲಿನ ಪ್ರೀತಿಗಿಂತ ಬಾಗಿಲು ಮುಚ್ಚೀತೆಂಬ ಅಂಜಿಕೆಗೆ ಅದನ್ನು ಹಿಡಿದವರೇ ನನಗೆ ಹೆಚ್ಚು ಕಾಣುತ್ತಾರೆ. ಇತಿಹಾಸವೆಂದರೆ ಕಣ್ಣರಳಿಸುವ ಹುಡುಗ ಲ್ಯಾಬಿನಲ್ಲಿ ಬ್ಯುರೆಟ್ ಹಿಡಿದು ಗಡಿಯಾರ ನೋಡುತ್ತಿರುತ್ತಾನೆ. ತಯಾರಿ ಇದೆಯೇ ಎಂದು ನೋಡಲು ಹುಟ್ಟಿದ ನಿಯಮ, ಮನಸ್ಸಿಲ್ಲದ ವಿದ್ಯಾರ್ಥಿಗಳನ್ನು ತಯಾರಿಸುತ್ತಿದೆ.

ನಮ್ಮ ಮಂಡ್ಯ ಜಿಲ್ಲೆಯಲ್ಲಿ ಕಾಲೇಜುಗಳಿಗೆ ಬರವಿದೆ ಎನ್ನುವಂತಿಲ್ಲ. ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಳಿ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಪಾಂಡವಪುರ, ಶ್ರೀರಂಗಪಟ್ಟಣದವರಿಗೆ ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜು ದೂರವೇನಲ್ಲ. ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಆದರೆ ಅವುಗಳೊಳಗೆ ಹೋಗುವ ದಾರಿ ಶುರುವಾಗುವುದು ಹೋಬಳಿಯ ಪಿಯು ಕಾಲೇಜಿನಿಂದ. ಎಲ್ಲ ಸರ್ಕಾರಿ ಪಿಯು ಕಾಲೇಜುಗಳಲ್ಲಿ ವಿಜ್ಞಾನ ವಿಭಾಗವಿಲ್ಲ. ಶ್ರೀರಂಗಪಟ್ಟಣದ ಹುಡುಗಿ ಬಸ್ ಪಾಸು ಮಾಡಿಸಿಕೊಂಡು ಮೈಸೂರಿಗೆ ಹೋಗಿಬರುತ್ತಾಳೆ. ನಾಗಮಂಗಲದ ಒಳಹಳ್ಳಿಯವಳಿಗೆ ಹಾಸ್ಟೆಲ್ ಸಿಗಬೇಕು, ಮನೆಯವರು ಹೂಂ ಅನ್ನಬೇಕು. ಇಬ್ಬರ ಅಂಕವೂ ಒಂದೇ ಇರಬಹುದು. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ಗದ್ದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನೀರು ಬಿಟ್ಟಿದ್ದಾರೆ ಎನ್ನುವುದು ಒಂದು, ನಮ್ಮ ತೂಬಿಗೆ ಬಂತೇ ಎನ್ನುವುದು ಇನ್ನೊಂದು.

ಕೃಷಿ ಪದವಿಯ ಪ್ರವೇಶದಲ್ಲಿ ಒಂದು ವಿಶೇಷವಿದೆ. ಬೇಸಾಯಗಾರರ ಮಕ್ಕಳಿಗೆ ಸೀಟು ಮೀಸಲು, ಅವರಿಗೆ ಪ್ರಾಯೋಗಿಕ ಪರೀಕ್ಷೆ. ಮೇಜಿನ ಮೇಲಿಟ್ಟ ಬೀಜ, ಬೆಳೆ, ಉಪಕರಣಗಳನ್ನು ಗುರುತಿಸಬೇಕು. ಹುರುಳಿ ಯಾವುದು, ಹುಚ್ಚೆಳ್ಳು ಯಾವುದು, ಕೂರಿಗೆ ಹೇಗಿರುತ್ತದೆ ಎಂಬುದನ್ನು ಅಪ್ಪನ ಹಿಂದೆ ಹೊಲ ಸುತ್ತಿದವರು ಪುಸ್ತಕ ತೆರೆಯದೆ ಹೇಳಿಯಾರು. ಮನೆಯಲ್ಲಿ ಕಲಿತದ್ದಕ್ಕೂ ಅಂಕ ಕೊಡುವ ಪ್ರವೇಶ ಪರೀಕ್ಷೆ ಇದನ್ನು ಬಿಟ್ಟರೆ ನನಗೆ ಬೇರೆ ಗೊತ್ತಿಲ್ಲ. ಅದಕ್ಕಾಗಿ ಅದರ ಮೇಲೆ ನನಗೆ ತುಸು ಅಭಿಮಾನ. ಆದರೂ ಆ ಮೇಜಿನ ತನಕ ಬರಲು ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ರಾಗಿ ಪೈರಿಗೂ ಕಳೆಗೂ ಇರುವ ವ್ಯತ್ಯಾಸವನ್ನು ಎಳೆಯದರಲ್ಲೇ ಹೇಳಬಲ್ಲ ಹುಡುಗಿ ಊರಿನ ಕಾಲೇಜಿನಲ್ಲಿದ್ದ ಕಾಮರ್ಸ್ ಸೇರಿದ್ದರೆ ಆಕೆಯ ತಿಳಿವಳಿಕೆಯನ್ನು ಯಾರೂ ಕೇಳುವುದಿಲ್ಲ.

ಹಾಗೆಂದು ನಿಯಮವೇ ಬೇಡ ಎನ್ನಲಾರೆ. ಲೆಕ್ಕ ಬಾರದವನು ಕಟ್ಟಿದ ಸೇತುವೆಯ ಮೇಲೆ ನಾನಂತೂ ಬಸ್ಸು ಹತ್ತಿ ಹೋಗುವುದಿಲ್ಲ. 2021ರಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತಾದ ಎಐಸಿಟಿಇ, ಹದಿನಾಲ್ಕು ವಿಷಯಗಳಲ್ಲಿ ಯಾವ ಮೂರನ್ನು ಓದಿದ್ದರೂ ಎಂಜಿನಿಯರಿಂಗ್ ಸೇರಲು ಅಡ್ಡಿಯಿಲ್ಲ ಎಂಬ ಅರ್ಥದಲ್ಲಿ ಹೇಳಿದಾಗ ಎದ್ದ ಗದ್ದಲಕ್ಕೆ ಕಾರಣವಿತ್ತು. ಗಣಿತ ಬೇಕು, ಸರಿ. ಹದಿನಾರಕ್ಕೇ ಬೇಕೆ? ಹತ್ತೊಂಬತ್ತಕ್ಕೆ ಕಲಿತರೆ ಆಗದೆ? ನಿಯಮ ಕೇಳಬೇಕಾದದ್ದು 'ನಿನಗೆ ಬರುತ್ತದೆಯೆ' ಎಂದು. ಈಗ ಅದು ಕೇಳುತ್ತಿರುವುದು 'ಆಗ ತೆಗೆದುಕೊಂಡಿದ್ದೆಯಾ' ಎಂದು. ಮೊದಲನೆಯದಕ್ಕೆ ಓದಿ ಉತ್ತರ ಕೊಡಬಹುದು. ಎರಡನೆಯದಕ್ಕೆ ಎಷ್ಟು ಓದಿದರೂ ಉತ್ತರವಿಲ್ಲ, ಏಕೆಂದರೆ ಅದು ಕಳೆದುಹೋದ ಒಂದು ಜೂನ್ ತಿಂಗಳ ಬಗ್ಗೆ.

ಕನ್ನಂಬಾಡಿ ಕಟ್ಟೆಯ ಹೆಸರಿನೊಂದಿಗೆ ಬೆಸೆದುಹೋದ ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಆಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದವರು. ಅಂದಿನ ಬಿ.ಎ. ಇಂದಿನ ಆರ್ಟ್ಸ್ ಅಲ್ಲ, ಅದರಲ್ಲಿ ಗಣಿತವನ್ನೂ ಓದಬಹುದಿತ್ತು. ಅಷ್ಟು ಸಲೀಸಾಗಿ ಹೋಲಿಸಬಾರದು. ಎಂಜಿನಿಯರ್ ಆಗುವ ಮುನ್ನ ಒಂದು ಪದವಿಯಷ್ಟು ಕಾಲ ಬೇರೇನೋ ಓದಲು ಎಡೆಯಿತ್ತು ಎಂಬಷ್ಟನ್ನೇ ಇಲ್ಲಿ ನೆನೆಯುತ್ತಿದ್ದೇನೆ.

ಕಲ್ಲಿನಲ್ಲಿ ಕೆತ್ತಿದಂತೆ ಕಾಣುವ ಈ ನಿಯಮಗಳು ಅಲುಗುವುದೂ ಉಂಟು. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಜೀವಶಾಸ್ತ್ರವನ್ನು ಹನ್ನೆರಡನೆಯ ತರಗತಿ ಮುಗಿದ ಮೇಲೆ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ನೀಟ್ ಬರೆಯಬಹುದೆಂದಿತು. ವೈದ್ಯರಾಗುವವರಿಗೇ ತಡವಾಗಿ ಕಲಿಯುವ ಅವಕಾಶ ಕೊಡಬಹುದಾದರೆ ಕೃಷಿಗೇಕೆ ಕೊಡಬಾರದು? ಕಾಮರ್ಸ್ ಮುಗಿಸಿದ ಹುಡುಗಿಗೆ ಕೆ.ಆರ್. ಪೇಟೆಯಲ್ಲೋ ನಾಗಮಂಗಲದಲ್ಲೋ ಲ್ಯಾಬಿರುವ ಒಂದು ಸರ್ಕಾರಿ ಕಾಲೇಜು ಒಂದು ವರ್ಷ ಭೌತ, ರಸಾಯನ, ಜೀವಶಾಸ್ತ್ರ ಕಲಿಸಿ ಪರೀಕ್ಷೆಗೆ ಕೂರಿಸಲಿ. ಬೇಕಾದದ್ದು ಮೂವರು ಉಪನ್ಯಾಸಕರು, ಸಂಜೆ ಹೊತ್ತಿನ ಲ್ಯಾಬು ಮತ್ತು ಪಿಯು ಇಲಾಖೆಯ ಒಂದು ಸುತ್ತೋಲೆ.