ಬೆಟ್ಟದ ಋಣ

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಚೀನಾದೇಶದಲ್ಲಿ ಬಾಳಿದ ದಾರ್ಶನಿಕ ಮೆನ್ಸಿಯಸನು, ಮನುಷ್ಯನ ಸ್ವಭಾವವು ಮೂಲತಃ ಒಳ್ಳೆಯದೆಂಬ ತನ್ನ ಮತವನ್ನು ಪ್ರತಿಪಾದಿಸುವಾಗ, ಕೇಳುಗರಿಗೆ ಒಂದು ಬೋಳುಬೆಟ್ಟವನ್ನು ತೋರಿಸಿದನು. ಛೀ ರಾಜ್ಯದ ರಾಜಧಾನಿಯ ನೆರೆಯಲ್ಲಿದ್ದ ಆ ಗಿರಿಗೆ ಎತ್ತಿನ ಬೆಟ್ಟವೆಂದು ಹೆಸರು. ಅದರ ಮೇಲೆ ಹಿಂದೊಮ್ಮೆ ಸೊಗಸಾದ ವೃಕ್ಷಗಳಿದ್ದುವು. ದೊಡ್ಡ ಪಟ್ಟಣಕ್ಕೆ ಹತ್ತಿರವಾಗಿದ್ದ ಕಾರಣ ಕೊಡಲಿಯು ಅವನ್ನು ಉಳಿಯಗೊಡಲಿಲ್ಲ. ರಾತ್ರಿಯ ವಿಶ್ರಾಂತಿಯಿಂದಲೂ ಮಳೆ ಇಬ್ಬನಿಗಳ ಪೋಷಣೆಯಿಂದಲೂ ಬುಡಗಳಲ್ಲಿ ಮತ್ತೆ ಚಿಗುರೊಡೆದರೆ ದನಕುರಿಗಳು ಬಂದು ಅದನ್ನೂ ಮೇಯ್ದುವು. ಕಡೆಗೆ ಅದರ ಬರಿಮೈಯನ್ನು ಕಂಡವರು, ಇಲ್ಲಿ ಮರವೆಂಬುದು ಎಂದೂ ಇದ್ದಿರಲಾರದೆಂದು ಬಗೆದರು. ಬೋಳಾಗಿರುವುದೇ ಬೆಟ್ಟದ ಸ್ವಭಾವವೆ, ಎಂಬುದು ಆತನ ಪ್ರಶ್ನೆ. ಮನುಷ್ಯನ ಹೃದಯವೂ ದಿನದಿನದ ಕೊಡಲಿಯೇಟಿಗೆ ಸಿಕ್ಕಿ ಹೀಗೆಯೇ ಬರಡಾಗುವುದೆಂಬುದು ಆತನ ಬೋಧನೆ.

ಅದಾದ ಇಪ್ಪತ್ತಮೂರು ಶತಮಾನಗಳ ಮೇಲೆ ಅದೇ ದೇಶದಲ್ಲಿ ಆ ಉಪಮಾನವು ಆಡಳಿತದ ಕಾರ್ಯವಾಗಿ ಪರಿಣಮಿಸಿತು. ಬೆಟ್ಟದ ಮೈಯನ್ನು ಉತ್ತು ಬಿತ್ತುತ್ತಿದ್ದ ಒಕ್ಕಲುಗಳನ್ನು, ಆ ಹೊಲಗಳನ್ನು ಬಿಟ್ಟು ಅಲ್ಲಿ ಮರ ಬೆಳೆಸಿರೆಂದು ಸರಕಾರವು ಕೇಳಿತು. ಮೂರು ಕೋಟಿಗೂ ಮಿಕ್ಕ ಸಂಸಾರಗಳು ಅದರಲ್ಲಿ ಸೇರಿದುವು. ತಲೆತಲಾಂತರದಿಂದ ಅನ್ನ ಕೊಟ್ಟ ಮಣ್ಣನ್ನು ಅವು ಬಿಟ್ಟುಕೊಟ್ಟುದು ಏತಕ್ಕೆ, ಪ್ರತಿಫಲವನ್ನು ಪಡೆದು ಮಾಡಿದ ಆ ಕಾರ್ಯವನ್ನು ಧರ್ಮವೆಂದು ಕರೆಯಬಹುದೆ, ಎಂಬ ಪ್ರಶ್ನೆ ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ನಿಂತಿದೆ.

ಇಳಿಜಾರನ್ನು ಉತ್ತವನು ದುರುಳನಾಗಿರಲಿಲ್ಲ, ಹಸಿದವನಾಗಿದ್ದನು, ಎಂಬುದನ್ನು ಮೊದಲಿಗೇ ಹೇಳುವುದು ನ್ಯಾಯ. ಹಳದಿ ನದಿಯ ಮಧ್ಯಭಾಗದ ಪ್ರಸ್ಥಭೂಮಿಯು ಗಾಳಿ ಹೊತ್ತು ತಂದ ನಯವಾದ ಧೂಳುಮಣ್ಣಿನದು. ಮಳೆಯ ಹೊಡೆತಕ್ಕೆ ಅದು ಸುಲಭವಾಗಿ ಕರಗಿ ಹರಿಯುವುದು. ಹೆಚ್ಚಿದ ಜನಸಂಖ್ಯೆಯೂ, ಎಲ್ಲೆಲ್ಲಿಯೂ ಧಾನ್ಯವನ್ನೇ ಬೆಳೆಯಬೇಕೆಂದು ಕಳೆದ ಶತಮಾನದ ಮಧ್ಯಭಾಗದಲ್ಲಿ ರಾಜ್ಯವೇ ವಿಧಿಸಿದ ನೀತಿಯೂ, ನೇಗಿಲನ್ನು ಕಡಿದಾದ ಇಳಿಜಾರುಗಳವರೆಗೂ ಏರಿಸಿದುವು. ಅದರ ಫಲವು ಕೆಳಗಣ ಬಯಲಿನಲ್ಲಿ ಕಂಡಿತೆಂದು ದೇಶವು ಬಗೆಯಿತು. 1997ರಲ್ಲಿ ಹಳದಿ ನದಿಯು 200ಕ್ಕೂ ಹೆಚ್ಚು ದಿನ ಕಡಲನ್ನು ಮುಟ್ಟದೆ ಬತ್ತಿತು. 1998ರಲ್ಲಿ ಯಾಂಗ್‌ಟ್ಸಿ ನದಿಯು ಉಕ್ಕಿ ಸಾವಿರಾರು ಪ್ರಾಣಗಳನ್ನು ಕೊಂಡೊಯ್ದಿತು. ಒಂದು ನದಿಯ ಬಡತನ, ಇನ್ನೊಂದರ ಪ್ರಕೋಪ, ಎರಡೂ ಸೇರಿ ದೇಶದ ದೃಷ್ಟಿಯನ್ನು ಮರವಿಲ್ಲದ ಮೇಲಣ ಬೆಟ್ಟಗಳ ಕಡೆಗೆ ತಿರುಗಿಸಿದುವು. 1999ರಲ್ಲಿ ಪ್ರಧಾನಿ ಝು ರೊಂಗ್‌ಜಿಯವರು ಯಾನಾನ್ ಪ್ರಾಂತವನ್ನು ನೋಡಿಬಂದರು. ಅದೇ ವರ್ಷ ಸಿಚುವಾನ್, ಶಾನ್ಷಿ, ಗಾನ್ಸು ಸೀಮೆಗಳಲ್ಲಿ ಪ್ರಯೋಗರೂಪವಾಗಿ ಆರಂಭವಾದ ಕಾರ್ಯವು 2002ರಲ್ಲಿ ದೇಶವ್ಯಾಪಕವಾಯಿತು.

ಒಕ್ಕಲಿಗನ ಮುಂದಿಟ್ಟ ಒಡಂಬಡಿಕೆ ಸ್ಪಷ್ಟವಾಗಿತ್ತು. ಹದಿನೈದು ಸೇರಿದರೆ ಒಂದು ಹೆಕ್ಟೇರಾಗುವ 'ಮು' ಎಂಬುದು ಅಲ್ಲಿಯ ನೆಲದ ಅಳತೆ. ಬಿಟ್ಟುಕೊಟ್ಟ ಒಂದೊಂದು ಮುವಿಗೆ ವರ್ಷಕ್ಕೆ ಯಾಂಗ್‌ಟ್ಸಿ ಪ್ರದೇಶದಲ್ಲಿ 150 ಕಿಲೋ, ಹಳದಿ ನದಿಯ ಪ್ರದೇಶದಲ್ಲಿ 100 ಕಿಲೋ ಧಾನ್ಯ. ಅದರ ಮೇಲೆ ಕೈವೆಚ್ಚಕ್ಕೆ 20 ಯುವಾನ್. ಸಸಿಗಳಿಗಾಗಿ ಒಮ್ಮೆ 50 ಯುವಾನ್. ಮಣ್ಣು ನೀರುಗಳ ರಕ್ಷಣೆಗೆಂದೇ ಬೆಳೆಸಿದ ಕಾಡಿಗೆ 8 ವರ್ಷ, ಹಣ್ಣುಕಾಯಿ ಕೊಡುವ ಮರಗಳಿಗೆ 5 ವರ್ಷ, ಹುಲ್ಲುಗಾವಲಿಗೆ 2 ವರ್ಷ, ಈ ಸಹಾಯವು ನಡೆಯತಕ್ಕದ್ದು. 2004ರಿಂದ ಧಾನ್ಯಕ್ಕೆ ಬದಲಾಗಿ ಹಣ ಬಂದಿತು. 2007ರಲ್ಲಿ ಅವಧಿಯು ಇನ್ನೊಂದು ಸುತ್ತು ಬೆಳೆಯಿತು, ಮೊತ್ತ ಮಾತ್ರ ಅರ್ಧಕ್ಕೆ ಇಳಿಯಿತು. ನೆಟ್ಟ ಮರವು ನೆಟ್ಟವನದೇ ಎಂದೂ, ನೆಲದ ಗುತ್ತಿಗೆಯ ಹಕ್ಕನ್ನು 70 ವರ್ಷಗಳವರೆಗೆ ವಿಸ್ತರಿಸಬಹುದೆಂದೂ ಕಟ್ಟಳೆಯು ವಿಧಿಸಿತು. ಊರ ಸಮುದಾಯಕ್ಕೆ ಸೇರಿದ ನೆಲವನ್ನು ಗುತ್ತಿಗೆಯಾಗಿ ಮಾತ್ರ ಉಳುವ ದೇಶದಲ್ಲಿ, ಮೊಮ್ಮಗನ ಕಾಲಕ್ಕೂ ಸಲ್ಲುವ ಅಂಥ ಹಕ್ಕು ಧಾನ್ಯಕ್ಕಿಂತ ಕಡಿಮೆಯ ಆಶ್ವಾಸನೆಯಲ್ಲ.

ಇನ್ನು ಮನೆಯ ಲೆಕ್ಕ. ಕಡಿದಾದ ಇಳಿಜಾರಿನ ಅನೇಕ ಹೊಲಗಳು ಒಳ್ಳೆಯ ವರ್ಷದಲ್ಲಿಯೂ ಅಷ್ಟು ಧಾನ್ಯವನ್ನು ಕೊಡುತ್ತಿರಲಿಲ್ಲ. ಬೀಜ, ಗೊಬ್ಬರ, ಬೆನ್ನಿನ ಬೆವರು ಇವನ್ನು ಕಳೆದರೆ ಉಳಿಯುತ್ತಿದ್ದುದು ಬಹು ಸ್ವಲ್ಪ. ಎಳೆಯರು ಆಗಲೇ ಪಟ್ಟಣದ ಕಾರ್ಖಾನೆಗಳ ಕಡೆಗೆ ಮುಖಮಾಡಿದ್ದರು. ಊರಲ್ಲಿ ಉಳಿದ ಮುಪ್ಪಿನವರ ತೋಳಿಗೆ ಬೆಟ್ಟದ ನೇಗಿಲು ಭಾರವಾಗಿತ್ತು. ಅಕ್ಕಪಕ್ಕದ ಮನೆಯವರು ಸೇರಿದುದನ್ನು ನೋಡಿ ಸೇರಿದವರುಂಟು. ಬೆಟ್ಟದ ಅಂಚು ಪ್ರತಿವರ್ಷವೂ ಕೊಚ್ಚಿಹೋಗುವುದನ್ನು ಕಣ್ಣಾರೆ ಕಂಡು ನೊಂದು ಸೇರಿದವರುಂಟು. ಅಧಿಕಾರಿಗಳು ಗುರುತುಮಾಡಿದ ಗಡಿಯೊಳಗೆ ತಮ್ಮ ಹೊಲವು ಬಿದ್ದುದರಿಂದ, ಬೇರೆ ದಾರಿಯಿಲ್ಲದೆ ಸೇರಿದವರೂ ಉಂಟು. ಇದರಲ್ಲಿ ಎಷ್ಟು ಭಾಗ ಲಾಭ, ಎಷ್ಟು ಭಾಗ ಭಯ, ಎಷ್ಟು ಭಾಗ ಪ್ರೀತಿ ಎಂಬುದನ್ನು ಆ ಮನೆಯ ಯಜಮಾನನೇ ಬೇರ್ಪಡಿಸಿ ಹೇಳಲಾರನು.

ನಿಷ್ಕಾಮಕರ್ಮದ ಆದರ್ಶವನ್ನು ಕೇಳಿ ಬೆಳೆದ ನಮಗೆ ಇಲ್ಲಿ ಒಂದು ಸಂಕೋಚವು ಹುಟ್ಟುವುದು ಸಹಜ. ಫಲವನ್ನು ಎಣಿಸಿ ಬಿಟ್ಟುದು ತ್ಯಾಗವಾಗುವುದು ಹೇಗೆ? ಅದು ಬರಿಯ ವಿನಿಮಯವಲ್ಲವೆ? ಮೆನ್ಸಿಯಸನೂ ಲಾಭದ ಮಾತಿಗೆ ಸುಲಭವಾಗಿ ಮಣಿಯತಕ್ಕವನಲ್ಲ. ತನ್ನ ರಾಜ್ಯಕ್ಕೆ ಏನು ಲಾಭ ತಂದಿರುವಿರೆಂದು ದೊರೆಯೊಬ್ಬನು ಕೇಳಿದಾಗ, ಲಾಭದ ಮಾತೇಕೆ, ಕಾರುಣ್ಯವೂ ನ್ಯಾಯವೂ ಸಾಲದೆ, ಎಂಬ ಭಾವದಿಂದ ಉತ್ತರಿಸಿದವನು ಆತನು. ಆದರೆ ಆ ಆಚಾರ್ಯನೇ, ಸ್ಥಿರವಾದ ಜೀವನೋಪಾಯವಿಲ್ಲದ ಸಾಮಾನ್ಯರಲ್ಲಿ ಸ್ಥಿರವಾದ ಮನಸ್ಸನ್ನು ನಿರೀಕ್ಷಿಸಲಾಗದೆಂದೂ, ಅವರನ್ನು ಹಸಿವಿಗೆ ತಳ್ಳಿ ಆಮೇಲೆ ತಪ್ಪಿಗಾಗಿ ದಂಡಿಸುವುದು ಬಲೆಯೊಡ್ಡಿ ಹಿಡಿದಂತೆಂದೂ ಬೋಧಿಸಿದನು. ಈ ಎರಡು ಮಾತುಗಳಲ್ಲಿ ವಿರೋಧವಿಲ್ಲ. ಲಾಭವನ್ನು ಬಿಡೆಂದು ದೊರೆಗೆ ಹೇಳತಕ್ಕುದು; ಪ್ರಜೆಗೆ ಅನ್ನವನ್ನು ಕೊಡತಕ್ಕುದು. ನಮ್ಮ ಹಿರಿಯರೂ ಅರ್ಥವನ್ನು ಪುರುಷಾರ್ಥಗಳ ಪಂಕ್ತಿಯಿಂದ ಹೊರಗಿಡಲಿಲ್ಲ. ಧರ್ಮದ ಮೇರೆಯೊಳಗೆ ಅದಕ್ಕೂ ಪೀಠವನ್ನು ಕೊಟ್ಟರು. ಉಂಡವನು ಹಸಿದವನಿಗೆ ತ್ಯಾಗವನ್ನು ಉಪದೇಶಿಸುವುದು ಧರ್ಮವಲ್ಲ, ಹಿಂಸೆ.

ಆ ಕಾರ್ಯಕ್ರಮದ ಚೀನೀ ಹೆಸರಿನಲ್ಲಿ ನಾಲ್ಕು ಅಕ್ಷರಗಳುಂಟು: ಕೃಷಿಯಿಂದ ಹಿಂದೆಗೆದು ಕಾಡನ್ನು ಹಿಂತಿರುಗಿಸುವುದು, ಎಂಬುದು ಅದರ ಅರ್ಥ. ಅದರಲ್ಲಿ ಹಿಂತಿರುಗಿಸುವುದಕ್ಕೆ ಬಳಸಿದ 'ಹ್ವಾನ್' ಎಂಬ ಮಾತನ್ನೇ ಆ ಜನ ಸಾಲವನ್ನು ತೀರಿಸುವುದಕ್ಕೂ ಬಳಸುವರು. ನನ್ನ ಪ್ರಶ್ನೆಗೆ ಉತ್ತರವು ಈ ಒಂದು ಪದದಲ್ಲಿ ಅಡಗಿದೆಯೆಂದು ನನಗೆ ತೋರುವುದು. ಇಲ್ಲಿ ನಡೆದುದು ದಾನವೂ ಅಲ್ಲ, ವ್ಯಾಪಾರವೂ ಅಲ್ಲ, ಋಣಮೋಚನೆ. ಆ ಋಣವಾದರೂ ಉತ್ತವನೊಬ್ಬನದಲ್ಲ: ಬೆಟ್ಟದ ಧಾನ್ಯವನ್ನು ಬೇಡಿದ ರಾಜ್ಯದ್ದು, ಬೆಟ್ಟದ ಮರವನ್ನು ಉರಿಸಿದ ಪಟ್ಟಣದ್ದು, ಬೆಟ್ಟವು ಹಿಡಿದಿಟ್ಟ ನೀರನ್ನು ಕುಡಿದ ಬಯಲಿನದು. ಸಾಲವನ್ನು ಎಲ್ಲರೂ ಮಾಡಿರುವಾಗ, ಅದನ್ನು ತೀರಿಸುವ ಪೂರ್ಣಭಾರವನ್ನು ಮೇಲಿನ ಗುಡಿಸಿಲ ಬಡವನ ಹೆಗಲಿಗೆ ಹೊರಿಸುವುದು ಅನ್ಯಾಯ. ಅವನು ನೆಲವನ್ನೂ ದುಡಿಮೆಯನ್ನೂ ಸಲ್ಲಿಸಿದನು. ಕೆಳಗಿನವರು ಧಾನ್ಯವನ್ನು ಸಲ್ಲಿಸಿದರು. ಹೀಗೆ ನೋಡಿದರೆ ಅವನಿಗೆ ಬಂದ ಧಾನ್ಯವು ಕೂಲಿಯೂ ಅಲ್ಲ, ಭಿಕ್ಷೆಯೂ ಅಲ್ಲ, ಕೆಳಗಿನವರು ಕಟ್ಟಿದ ತಮ್ಮ ಪಾಲಿನ ಕಂತು. ಅದನ್ನು ಪಡೆದುದರಿಂದ ಅವನ ಕಾರ್ಯದ ಪುಣ್ಯವು ಎಳ್ಳಷ್ಟೂ ಕುಂದದು.

ಈ ಮಾತು ನಿಜವಾದರೆ ಅದರಿಂದಲೇ ದೋಷಗಳ ತೂಕವೂ ತಿಳಿದುಬರುವುದು. ಕೇಳದೆಯೇ ಗಡಿ ಹಾಕಿದ ಊರುಗಳುಂಟು. ಹೇಳಿದ ಧಾನ್ಯವು ಹೇಳಿದ ಕಾಲಕ್ಕೆ ಮುಟ್ಟದ ಮನೆಗಳುಂಟು. ಸಾಲದ ಕಂತನ್ನು ತಡೆದವನು ಉಪಕಾರದಲ್ಲಿ ಕಡಿಮೆಮಾಡಿದವನಲ್ಲ, ಮಾತಿಗೆ ತಪ್ಪಿದವನು. ಬೆಟ್ಟದ ಪಕ್ಷದಿಂದಲೂ ದೂರು ಉಂಟು: ನಾನಾ ಜಾತಿಯ ಮರಗಳು ಬೆಳೆಯುತ್ತಿದ್ದಲ್ಲಿ ಒಂದೇ ಜಾತಿಯ ಸಾಲುಮರಗಳನ್ನು ನೆಟ್ಟ ಎಡೆಗಳೂ, ಒಣಸೀಮೆಯಲ್ಲಿ ಹೊರಗಿಂದ ತಂದ ಮರಗಳು ಮಣ್ಣಿನ ಆಳದ ತೇವವನ್ನು ಹೀರಿದ ಎಡೆಗಳೂ ಕಂಡುಬಂದಿವೆ. ಕಾಡನ್ನು ತೆಗೆದುಕೊಂಡು ನೆಡುತೋಪನ್ನು ಕೊಟ್ಟರೆ ಸಾಲವು ಪೂರ್ತಿ ತೀರಿದಂತಾಗದು. ಆದರೂ ಆ ಪ್ರಸ್ಥಭೂಮಿಯಲ್ಲಿ 1999ರ ಸುಮಾರಿಗೆ ಮೂರರಲ್ಲೊಂದು ಭಾಗವನ್ನೂ ಮುಟ್ಟದಿದ್ದ ಹಸುರು, ಹದಿನೈದು ವರ್ಷಗಳೊಳಗೆ ಅರ್ಧವನ್ನು ಮೀರಿ ಹಬ್ಬಿತೆಂಬುದು ಅಲ್ಲಗಳೆಯಲಾಗದ ಸಂಗತಿ.

ಎತ್ತಿನ ಬೆಟ್ಟದ ಬುಡಗಳಲ್ಲಿ ಚಿಗುರನ್ನು ಒಡೆಯಿಸಿದುದು ಯಾರ ಉಪದೇಶವೂ ಅಲ್ಲ, ಕೊಡಲಿಯು ಸುಮ್ಮನಿದ್ದ ಒಂದು ರಾತ್ರಿ. ಬಡ ಒಕ್ಕಲಿಗನ ಮನಸ್ಸಿನಲ್ಲಿಯೂ ಮರದ ಮೇಲಣ ಪ್ರೀತಿ ಇಲ್ಲದಿರಲಿಲ್ಲ. ನಾಳೆಯ ಅನ್ನದ ಚಿಂತೆಯೆಂಬ ಕೊಡಲಿಯು ಅದನ್ನು ಪ್ರತಿದಿನವೂ ಕಡಿಯುತ್ತಿತ್ತು. ಎಂಟು ವರ್ಷಗಳ ಧಾನ್ಯವು ಅವನಿಗೆ ಕೊಟ್ಟುದು ಅಂಥದೊಂದು ರಾತ್ರಿಯನ್ನು. ಆ ವಿಶ್ರಾಂತಿಯಲ್ಲಿ ಚಿಗುರಿದುದು ಅವನದೇ ಸ್ವಭಾವ.