ಮುಳ್ಳು ಅಲ್ಲೇ ಇತ್ತು, ಸ್ಟೇಷನ್ ಬದಲಾಯಿತು

ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಮಾತು ಶುರು ಮಾಡಿದ್ದು 2001ರ ಜುಲೈ 3ರಂದು. ದೇಶದ ಮೊದಲ ಖಾಸಗಿ ಎಫ್‌ಎಂ ಸ್ಟೇಷನ್ ಅದು. ದೆಹಲಿ, ಮುಂಬೈಗಳಿಗಿಂತ ಮೊದಲೇ ನಮ್ಮೂರಿಗೆ ಬಂತೆಂಬ ಹೆಮ್ಮೆ ಹಲವರಲ್ಲಿತ್ತು. ಆಗ ಅದು ತನ್ನನ್ನು 91 ಎಂದೇ ಹೇಳಿಕೊಳ್ಳುತ್ತಿತ್ತು, 91.1 ಆದದ್ದು ಆಮೇಲೆ. ಆಕಾಶವಾಣಿಯ ಅಳೆದು ತೂಗಿದ ಮಾತು ಕೇಳಿ ಬೆಳೆದವರ ಕಿವಿಗೆ ಇಲ್ಲಿನದೆಲ್ಲ ಹೊಸದು. ಪಟಪಟನೆ ಇಂಗ್ಲಿಷ್ ಮಾತು, ನಡುನಡುವೆ ನಗು, ಒಂದಷ್ಟು ಇಂಗ್ಲಿಷ್ ಪಾಪ್, ಒಂದಷ್ಟು ಹಿಂದಿ ಸಿನಿಮಾ ಹಾಡು, ಅಪರೂಪಕ್ಕೆ ಕನ್ನಡ.

ಗಾಂಧಿಬಜಾರಿನ ಹಿಂದಿನ ರಸ್ತೆಯಲ್ಲಿ ನಾನು ಬಟ್ಟೆ ಹೊಲಿಸುತ್ತಿದ್ದ ಅಂಗಡಿಯಲ್ಲೊಂದು ಹಳೇ ರೇಡಿಯೋ ಇತ್ತು. ಅದರ ತಿರುಪು ಮುರಿದು ಮುಳ್ಳು 91ರ ಹತ್ತಿರವೇ ನಿಂತುಬಿಟ್ಟಿತ್ತು. ಸಣ್ಣ ಇಕ್ಕಳ ಹಿಡಿದು ತಿರುಗಿಸಬಹುದಿತ್ತು, ಯಾರೂ ತಿರುಗಿಸಲಿಲ್ಲ. ಮಾಸ್ಟರ್ ಅಳತೆ ತೆಗೆಯುತ್ತ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ, ಅರ್ಥವಾಗದ ಮಾತನ್ನು ದಿನವಿಡೀ ಕೇಳುತ್ತಿದ್ದರು. ಯಾವುದೋ ಒಂದು ಮಧ್ಯಾಹ್ನ ಕನ್ನಡ ಹಾಡು ಬಂದರೆ ಮಿಷನ್ ತುಳಿಯುವ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಒಮ್ಮೆ ಕೇಳಿದರು: "ಇವ್ರೆಲ್ಲಾ ಯಾವೂರಿಂದ ಮಾತಾಡ್ತಾರೆ ಸಾರ್?" ಇದೇ ಬೆಂಗಳೂರಿನಿಂದ ಮಾಸ್ಟರ್ ಎಂದರೆ ನಂಬಲು ಅವರಿಗೆ ಕಷ್ಟವಾಯಿತು.

ಆ ಸ್ಟೇಷನ್ ಹಾಗೆ ಮಾತಾಡಿದ್ದರಲ್ಲಿ ಯಾರ ದ್ವೇಷವೂ ಇರಲಿಲ್ಲ, ಲೆಕ್ಕಾಚಾರವಿತ್ತು. ಖಾಸಗಿ ಎಫ್‌ಎಂನ ಮೊದಲ ಹಂತದಲ್ಲಿ ಪರವಾನಗಿಯನ್ನು ಹರಾಜಿಗಿಟ್ಟರು. ಕೂಗಿದ ಮೊತ್ತವನ್ನು ವರ್ಷವರ್ಷವೂ ಕಟ್ಟಬೇಕು, ಅದೂ ಪ್ರತಿ ವರ್ಷ ಶೇ 15ರಷ್ಟು ಏರುತ್ತ ಹೋಗಬೇಕು. ಜಾಹೀರಾತು ಬರಲಿ ಬಿಡಲಿ, ಶುಲ್ಕ ನಿಲ್ಲುವಂತಿಲ್ಲ. ಇಂಥ ಹೊರೆ ಹೊತ್ತವರು ಯಾರನ್ನು ನೋಡಿ ಮಾತಾಡುತ್ತಾರೆ? ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಖರ್ಚು ಮಾಡುವವರನ್ನು, ಹೊಸದಾಗಿ ಸಂಬಳ ಎಣಿಸುತ್ತಿದ್ದ ಐ.ಟಿ. ಹುಡುಗ ಹುಡುಗಿಯರನ್ನು. ಅವರೂ ಈ ಊರಿನವರೇ, ಸಂಶಯವಿಲ್ಲ. ಆದರೆ ಆಟೋ ಸ್ಟ್ಯಾಂಡಿನಲ್ಲಿ, ಗಾರ್ಮೆಂಟ್ಸಿನಲ್ಲಿ, ದರ್ಶಿನಿಗಳ ಅಡುಗೆಮನೆಯಲ್ಲಿ, ಪೀಣ್ಯದ ವರ್ಕ್‌ಶಾಪುಗಳಲ್ಲಿ ರೇಡಿಯೋ ಹಾಕಿಕೊಂಡು ಹತ್ತು ತಾಸು ದುಡಿಯುವವರು ಆ ಲೆಕ್ಕದ ಪುಸ್ತಕದೊಳಗೆ ಬಂದಿರಲೇ ಇಲ್ಲ. ರೇಡಿಯೋವನ್ನು ಅತಿ ಹೆಚ್ಚು ಹೊತ್ತು ಕೇಳುತ್ತಿದ್ದವರೇ ಅವರು.

2005ರಲ್ಲಿ ನಿಯಮ ಬದಲಾಯಿತು. ಎರಡನೇ ಹಂತದ ನೀತಿಯಲ್ಲಿ ಒಮ್ಮೆ ಪ್ರವೇಶ ಶುಲ್ಕ ಕೊಟ್ಟು, ಆಮೇಲೆ ಆದಾಯದ ಶೇ 4ರಷ್ಟನ್ನು ಕೊಟ್ಟರೆ ಸಾಕಿತ್ತು. ಉಸಿರಾಡಲು ಜಾಗ ಸಿಕ್ಕಿತು. 2006ರಿಂದಾಚೆಗೆ ಮಿರ್ಚಿ, ಬಿಗ್, ರೇಡಿಯೋ ಒನ್, ಇಂಡಿಗೋ, ಎಸ್ ಎಫ್‌ಎಂ, ಫೀವರ್ ಒಂದರ ಹಿಂದೊಂದು ಬಂದವು. ಇಷ್ಟು ಜನ ಒಂದೇ ಊರಿಗೆ ಬಂದ ಮೇಲೆ ಎಲ್ಲರೂ ಬ್ರಿಗೇಡ್ ರಸ್ತೆಯನ್ನೇ ನೋಡುತ್ತ ಕೂರಲು ಆಗುವುದಿಲ್ಲ. ಮಿರ್ಚಿ ‘ಸಖತ್ ಹಾಟ್ ಮಗಾ’ ಎಂದು ಗಲ್ಲಿಯ ಕನ್ನಡದಲ್ಲೇ ಕೂಗಿತು. ಅದೇ 2006ರ ಡಿಸೆಂಬರ್ ಕೊನೆಗೆ ‘ಮುಂಗಾರು ಮಳೆ’ ತೆರೆಗೆ ಬಂತು. ಮನೋಮೂರ್ತಿಯವರ ರಾಗಗಳು ಕಾಲೇಜು ಹುಡುಗರ ಮೊಬೈಲಿಗೂ ಆಟೋಗಳ ಸ್ಪೀಕರಿಗೂ ಒಟ್ಟಿಗೇ ಹೊಕ್ಕವು. ಕನ್ನಡ ಹಾಡು ಹಾಕಿದರೆ ಜಾಹೀರಾತು ಬರುವುದಿಲ್ಲ ಎಂಬ ವಾದ ಅದರ ಮುಂದೆ ನಿಲ್ಲಲಿಲ್ಲ. ಕನ್ನಡ ಹಾಕಿ ಎಂದು ಸ್ಟೇಷನ್ನುಗಳಿಗೆ ಫೋನು ಮಾಡಿದ, ಪತ್ರ ಬರೆದ, ಬಾಗಿಲ ಮುಂದೆ ನಿಂತು ಕೇಳಿದ ಕೇಳುಗರದೂ ಸಂಘಟನೆಗಳದೂ ಇದರಲ್ಲಿ ದೊಡ್ಡ ಪಾಲಿದೆ. ಅವರನ್ನು ಗಲಾಟೆ ಮಾಡುವವರು ಎಂದು ತಳ್ಳಿಹಾಕಿದವರಿದ್ದರು. ಅವರು ಕೇಳಿದ್ದು ನ್ಯಾಯವಾದದ್ದನ್ನೇ ಎಂದು ನಾನು ಇಂದಿಗೂ ನಂಬುತ್ತೇನೆ. ಗಾಳಿಯಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತು. ಸ್ವತ್ತಿನ ಒಡೆಯರು ತಮ್ಮ ಭಾಷೆಯಲ್ಲಿ ಕೇಳಬೇಕೆಂದರೆ ಅದರಲ್ಲಿ ತಪ್ಪೇನಿದೆ?

ರೇಡಿಯೋ ಸಿಟಿಯೂ ಕನ್ನಡಕ್ಕೆ ಹೊರಳಿತು. ಮಾಸ್ಟರ್ ಅಂಗಡಿಯ ಮುಳ್ಳು ಮಿಸುಕಾಡಿರಲಿಲ್ಲ, ಆದರೆ ಅದರೊಳಗಿನ ಸ್ಟೇಷನ್ನೇ ಬೇರೆಯಾಗಿತ್ತು. ಒಂದು ಬೆಳಿಗ್ಗೆ ಪ್ಯಾಂಟಿನ ಅಳತೆ ಕೊಡಲು ನಿಂತಿದ್ದಾಗ ಸ್ಟೇಷನ್ನಿನ ನಿರೂಪಕ, ಅಂದರೆ ಆರ್‌ಜೆ, ಗೊರಗುಂಟೆಪಾಳ್ಯದಲ್ಲಿ ಲಾರಿ ಕೆಟ್ಟು ನಿಂತಿದೆ ಎಂದ. ಮಾಸ್ಟರ್ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ, "ಹಂಗಾದ್ರೆ ನಮ್ ಹುಡ್ಗ ಇನ್ನೊಂದ್ ಗಂಟೆ ಬರಲ್ಲ, ಕಾಜಾ ಹಾಕೋದು ಮಧ್ಯಾಹ್ನಕ್ಕೇ" ಅಂದರು. ಒಂದು ಸಾಲಿನ ಸುದ್ದಿ, ಅದರಿಂದ ಒಂದು ಅಂಗಡಿಯ ದಿನದ ಕೆಲಸ ಹಿಂದೆಮುಂದೆ ಆಯಿತು. ಸ್ಥಳೀಯ ರೇಡಿಯೋ ಎಂಬುದು ಏಕೆ ಬೇಕೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಇದು. ಭಾಷೆ ಕನ್ನಡವಾದದ್ದು ಅರ್ಧ ಮಾತ್ರ. ದನಿಗೆ ಗೊರಗುಂಟೆಪಾಳ್ಯ ಗೊತ್ತಿತ್ತು ಎನ್ನುವುದು ಉಳಿದರ್ಧ.

ಆಮೇಲಿನ ವರ್ಷಗಳಲ್ಲಿ ವೇಷ ಬದಲಿಸದ ಸ್ಟೇಷನ್ ಕಡಿಮೆ. 93.5ರ ಎಸ್ ಎಫ್‌ಎಂ ರೆಡ್ ಎಫ್‌ಎಂ ಆಯಿತು. ರೇಡಿಯೋ ಸಿಟಿ 2015ರಲ್ಲಿ ಜಾಗರಣ್ ಪ್ರಕಾಶನದ ಕೈಗೆ ಹೋಯಿತು. ಬಿಗ್ ಎಫ್‌ಎಂ ದಿವಾಳಿ ಪ್ರಕ್ರಿಯೆ ಹಾದು ಹೊಸ ಒಡೆಯರನ್ನು ಕಂಡಿತು. ಮಿರ್ಚಿ ತನ್ನ ಹೆಸರಿನಿಂದ ರೇಡಿಯೋವನ್ನೇ ತೆಗೆದುಹಾಕಿತು. ಸರ್ಕಾರಿ ಕಡೆಯಲ್ಲೂ ಹೀಗೆಯೇ. ಬೆಂಗಳೂರು ಆಕಾಶವಾಣಿ 101.3ರಲ್ಲಿ ಕಾಮನಬಿಲ್ಲು ಎಂದಿತು, 100.1ರಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ಅಮೃತವರ್ಷಿಣಿ ತೆರೆಯಿತು. ಯಾವ ಖಾಸಗಿ ಸ್ಟೇಷನ್ನೂ ದಿನವಿಡೀ ರಾಗ ಆಲಾಪನೆಗೆ ಜಾಗ ಕೊಡುವುದಿಲ್ಲವಾದ್ದರಿಂದ ಅದೊಂದು ದೊಡ್ಡ ಉಪಕಾರ.

ಹೆಸರು, ಒಡೆಯ, ಜಿಂಗಲ್ ಬದಲಾದರೆ ನನಗೆ ಅಷ್ಟು ಚಿಂತೆಯಿಲ್ಲ. ಚಿಂತೆ ಇರುವುದು ಒಳಗಿನ ಬದಲಾವಣೆಯ ಬಗ್ಗೆ, ಏಕೆಂದರೆ ಅದು ಹೊರಗೆ ಕಾಣುವುದಿಲ್ಲ.

ಎಫ್‌ಎಂ ಸ್ಟುಡಿಯೋದಲ್ಲಿ ಹಾಡನ್ನು ಆರ್‌ಜೆ ಆರಿಸುತ್ತಾರೆಂದು ಬಹಳ ಮಂದಿ ಎಣಿಸಿದ್ದಾರೆ. ವಾಸ್ತವದಲ್ಲಿ ಆರ್‌ಜೆ ಬಂದು ಕೂರುವ ಮೊದಲೇ ಆ ಗಂಟೆಯ ಪಟ್ಟಿ ಕಂಪ್ಯೂಟರಿನಲ್ಲಿ ಸಿದ್ಧವಾಗಿರುತ್ತದೆ. ಅರವತ್ತು ನಿಮಿಷವನ್ನು ಗಡಿಯಾರದಂತೆ ವೃತ್ತ ಬರೆದು ಹೋಳು ಮಾಡಿರುತ್ತಾರೆ: ಇಲ್ಲಿ ಹೊಸ ಹಿಟ್ ಹಾಡು, ಇಲ್ಲಿ ಜಾಹೀರಾತು, ಇಲ್ಲಿ ಎರಡು ವರ್ಷ ಹಳೆಯದು, ಇಲ್ಲಿ ಆರ್‌ಜೆಯ ಲಿಂಕ್. ಲಿಂಕ್ ಎಂದರೆ ಎರಡು ಹಾಡಿನ ನಡುವಿನ ಮಾತು. ಅದು ಉದ್ದವಾದರೆ ಮೇಲಿನವರಿಂದ ಕರೆ ಬರುತ್ತದೆ. ಯಾವ ಹಾಡು ಪಟ್ಟಿಯೊಳಗೆ ಇರಬೇಕೆಂದು ತಿಳಿಯಲು ಕೆಲವರಿಗೆ ಫೋನು ಮಾಡಿ ಹಾಡಿನ ಕೆಲವೇ ಸೆಕೆಂಡಿನ ತುಣುಕು ಕೇಳಿಸುತ್ತಾರೆ. ಇಷ್ಟವಾಯಿತೇ, ಸಾಕಾಯಿತೇ, ಗೊತ್ತೇ ಇಲ್ಲವೇ ಎಂದು ಗುರುತು ಹಾಕಿಕೊಳ್ಳುತ್ತಾರೆ. ಗೊತ್ತೇ ಇಲ್ಲ ಎನಿಸಿಕೊಂಡ ಹಾಡಿಗೆ ಬಾಗಿಲು ಮುಚ್ಚಿತು. ಅದನ್ನು ಹಾಕದೆ ಇದ್ದರೆ ಗೊತ್ತಾಗುವುದಾದರೂ ಹೇಗೆ?

ಇನ್ನು 2007ರಲ್ಲಿ ಬೆಂಗಳೂರಿಗೂ ಬಂದ ಕೇಳುಗರ ಅಳತೆಯ ವ್ಯವಸ್ಥೆ. ಕೆಲವು ನೂರು ಮಂದಿ ಡೈರಿಯಲ್ಲಿ ತಾವು ಯಾವ ಹೊತ್ತಿಗೆ ಯಾವ ಸ್ಟೇಷನ್ ಕೇಳಿದೆವೆಂದು ಗುರುತು ಹಾಕುತ್ತಿದ್ದರು, ಅದರ ಮೇಲೆ ಇಡೀ ಊರಿನ ಅಂದಾಜು, ಅದರ ಮೇಲೆ ಜಾಹೀರಾತಿನ ದರ. ಅಂಕಿ ಇಳಿದ ಸ್ಟೇಷನ್ ಹೆದರಿ ಅಂಕಿ ಏರಿದ ಸ್ಟೇಷನ್ನಿನ ಹಾಡನ್ನೇ ಹಾಕತೊಡಗುತ್ತಿತ್ತು. ಹೀಗಾಗಿ ಬೇರೆಬೇರೆ ಹೆಸರಿನ ಸ್ಟೇಷನ್ನುಗಳಲ್ಲಿ ಒಂದೇ ಬೆಳಿಗ್ಗೆ ಒಂದೇ ಹಾಡು. ಎರಡನೇ ಹಂತದ ನೀತಿಯ ಪ್ರಕಾರ ಒಂದು ಊರಿನ ಖಾಸಗಿ ಸ್ಟೇಷನ್ನುಗಳು ಪ್ರಸಾರದ ಗೋಪುರವನ್ನು ಹಂಚಿಕೊಳ್ಳಬೇಕಿತ್ತು. ಗೋಪುರ ಹಂಚಿಕೊಂಡಿದ್ದು ಖರ್ಚು ಉಳಿಸಲು, ಒಳ್ಳೆಯದೇ. ಹಾಡಿನ ಪಟ್ಟಿಯನ್ನೂ ಹಂಚಿಕೊಂಡಂತೆ ಆದದ್ದು ಕೇಳುಗರಿಗೆ ನಷ್ಟ. ಭಾವಗೀತೆ, ಜನಪದ, ಎಪ್ಪತ್ತರ ದಶಕದ ಸಿನಿಮಾ ಹಾಡುಗಳು, ಉತ್ತರ ಕರ್ನಾಟಕದ ತತ್ವಪದ ಇವೆಲ್ಲ ಆ ವೃತ್ತದ ಹೊರಗೇ ಉಳಿದವು.

ಮಾತಿನ ಕಡೆಗೂ ಕತ್ತರಿ ಬಿತ್ತು. ಮೂರನೇ ಹಂತದ ನೀತಿಯಲ್ಲಿ ಒಂದು ಕಂಪನಿ ತನ್ನ ಸ್ಟೇಷನ್ನುಗಳ ನಡುವೆ ಕಾರ್ಯಕ್ರಮ ಹಂಚಿಕೊಳ್ಳಲು ಇದ್ದ ಅಡ್ಡಿಗಳು ಸಡಿಲಗೊಂಡವು. ಒಂದು ಊರಿನಲ್ಲಿ ತಯಾರಾದ ಕಾರ್ಯಕ್ರಮ ಹತ್ತು ಊರಿನಲ್ಲಿ ಹೋದರೆ ಒಂಬತ್ತು ಊರಿನ ಆರ್‌ಜೆ ಸಂಬಳ ಉಳಿಯುತ್ತದೆ. ರಾತ್ರಿಯ ಕಾರ್ಯಕ್ರಮವನ್ನು ಮಧ್ಯಾಹ್ನವೇ ರೆಕಾರ್ಡ್ ಮಾಡಿಟ್ಟರೆ ರಾತ್ರಿ ಮಳೆ ಸುರಿದು ರಸ್ತೆ ಮುಳುಗಿದರೂ ದನಿಗೆ ಗೊತ್ತಾಗುವುದಿಲ್ಲ. ಇನ್ನೊಂದು ನೋವಿನ ಸಂಗತಿ: ಫಾರ್ಮ್ಯಾಟ್, ಅಂದರೆ ಸ್ಟೇಷನ್ನಿನ ಹಾಡು-ಮಾತಿನ ಧಾಟಿ, ಬದಲಿಸುವಾಗ ಆರ್‌ಜೆಗಳನ್ನು ಬೀಳ್ಕೊಡುವ ಪದ್ಧತಿಯೇ ಇಲ್ಲ. ಐದಾರು ವರ್ಷ ದಿನವೂ ಮನೆಯೊಳಗೆ ಬಂದು ಮಾತಾಡಿದ ದನಿ ಒಂದು ಸೋಮವಾರದಿಂದ ಇರುವುದಿಲ್ಲ. ಕೇಳುಗರಿಗೆ ಒಂದು ಮಾತು ಹೇಳಿ ಹೋಗಲೂ ಬಿಡುವುದಿಲ್ಲ. ಕಣ್ಣು ಕಾಣದವರು, ಮನೆ ಹಿಡಿದ ಹಿರಿಯರು, ರಾತ್ರಿ ಪಾಳಿಯ ವಾಚ್‌ಮನ್‌ಗಳು ಆ ದನಿಯನ್ನು ಎಷ್ಟು ಹಚ್ಚಿಕೊಂಡಿರುತ್ತಾರೆಂಬುದು ಯಾವ ಡೈರಿಯಲ್ಲೂ ದಾಖಲಾಗುವುದಿಲ್ಲ.

ಊರಿಗೆ ಅಂಟಿಕೊಂಡ ರೇಡಿಯೋ ನಮಗೆ ಹೊಸದೇನಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಆಕಾಶವಾಣಿ ನಡೆಸಿದರು. ಆ ಹೆಸರನ್ನೇ ಮುಂದೆ ದೇಶದ ರೇಡಿಯೋ ತೆಗೆದುಕೊಂಡಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ನಡೆಸಿದವರಿಗೆ ಪ್ರಸಾರದ ಪರವಾನಗಿ ಸಿಗದ ಕಾಲದಲ್ಲಿ ಅವರು ಕೇಬಲ್ ಎಳೆದು ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಲು ಅವಕಾಶ ಕೊಡುವ ನೀತಿ ಬಂದದ್ದು 2006ರಲ್ಲಿ. ಮೈಸೂರು, ಬೂದಿಕೋಟೆ ಎರಡೂ ಕಡೆ ಹೆಚ್ಚು ದುಡ್ಡಿರಲಿಲ್ಲ, ಅಳತೆಯ ಡೈರಿ ಇರಲಿಲ್ಲ. ಕೇಳುವವರು ಯಾರು, ಎಲ್ಲಿದ್ದಾರೆ, ಅವರಿಗೆ ಏನು ಬೇಕು ಎಂಬುದು ಮಾತ್ರ ಮಾತಾಡುವವರಿಗೆ ಚೆನ್ನಾಗಿ ಗೊತ್ತಿತ್ತು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಮಾತೃಭಾಷೆಯ ಕಾರ್ಯಕ್ರಮಗಳಿಗೆ ಇದರಿಂದ ಬಲ ಬರುತ್ತದೆ ಎಂದೂ ಆಗ ಹೇಳಿದರು. ಪಟ್ಟಿಯಲ್ಲಿ ನಮ್ಮ ಬಳ್ಳಾರಿ, ದಾವಣಗೆರೆ, ಶಿವಮೊಗ್ಗ, ವಿಜಯಪುರಗಳೂ ಇವೆ. ಬಳ್ಳಾರಿಗೆ ಎಫ್‌ಎಂ ಬಂದರೆ ಅದು ಬಳ್ಳಾರಿಯ ಕನ್ನಡ ಮಾತಾಡುತ್ತದೆಯೇ, ಅಥವಾ ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತವರ ಮಾತು ಅಲ್ಲಿ ಹೊರಡುತ್ತದೆಯೇ? ವಿಜಯಪುರದ ಸ್ಟೇಷನ್ ಬೇಸಿಗೆಯಲ್ಲಿ ನೀರಿನ ಟ್ಯಾಂಕರು ಯಾವ ಓಣಿಗೆ ಎಷ್ಟು ಹೊತ್ತಿಗೆ ಎಂದು ಹೇಳುತ್ತದೆಯೇ, ಅಥವಾ ಅಲ್ಲಿನವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಕೇಳಬೇಕೇ? ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಓದುವ ಅವಕಾಶವಿರದೆ ಇದ್ದುದೂ ಊರಿನಿಂದ ಅದನ್ನು ದೂರವಿಟ್ಟಿತು. ಗಂಟೆಗೆ ಹತ್ತು ನಿಮಿಷದವರೆಗೆ ಸುದ್ದಿ ಪ್ರಸಾರಕ್ಕೆ ಬಿಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2023ರಲ್ಲೇ ಶಿಫಾರಸು ಮಾಡಿತು. ಆ ಹತ್ತು ನಿಮಿಷ ಸಿಕ್ಕರೆ ಎಪಿಎಂಸಿ ಧಾರಣೆ, ಜಿಲ್ಲಾಸ್ಪತ್ರೆಯ ಶಿಬಿರ, ಬಸ್ಸಿನ ವೇಳೆ ಬದಲಾದದ್ದು ಎಲ್ಲಕ್ಕೂ ಜಾಗವಾಗುತ್ತದೆ.

ಬೆಂಗಳೂರಿನ ಹಳೆಯ ಸ್ಟೇಷನ್ನುಗಳದೂ ಒಂದು ಗಡುವು ಹತ್ತಿರವಾಗುತ್ತಿದೆ. ಎರಡನೇ ಹಂತದಿಂದ ಮೂರನೆಯದಕ್ಕೆ ಸೇರಿಕೊಂಡವರ ಹದಿನೈದು ವರ್ಷದ ಪರವಾನಗಿ 2015ರ ಏಪ್ರಿಲ್‌ನಿಂದ ಲೆಕ್ಕಕ್ಕೆ ಬಂದದ್ದು. ಮುಗಿಯುವುದು 2030ರ ಮಾರ್ಚ್‌ಗೆ. ಅಷ್ಟರೊಳಗೆ ಹೊಸ ಷರತ್ತುಗಳನ್ನು ಯಾರಾದರೂ ಬರೆಯಲೇಬೇಕು. ಇಂಥ ಹೊತ್ತಿನಲ್ಲಿ ಟ್ರಾಯ್ ಸಮಾಲೋಚನಾ ಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ, ಕಂಪನಿಗಳು ದಪ್ಪ ದಪ್ಪ ಉತ್ತರ ಕಳಿಸುತ್ತವೆ. ಕೇಳುಗರು ಹೇಳಬೇಕಾದದ್ದು ಮೂರೇ ಸಾಲು. ಬೆಳಗಿನ ಕಾರ್ಯಕ್ರಮ ಆಯಾ ಊರಿನಲ್ಲೇ ಕೂತು, ಆ ಹೊತ್ತಿಗೇ ಮಾತಾಡುವವರಿಂದ ನಡೆಯಬೇಕು. ದಿನಕ್ಕಿಷ್ಟು ಗಂಟೆ ಊರಿನ ಹಾಡು, ಊರಿನ ಮಾತಿಗೆ ಮೀಸಲಿರಬೇಕು. ಫಾರ್ಮ್ಯಾಟ್ ಬದಲಿಸುವ ಮುನ್ನ ಕೇಳುಗರಿಗೆ ಗಾಳಿಯ ಮೇಲೆಯೇ ತಿಳಿಸಬೇಕು. ಹಿಂದೆ ಕನ್ನಡ ಹಾಡಿಗಾಗಿ ಪತ್ರ ಬರೆದವರು ಈ ಮೂರು ಸಾಲನ್ನು ಕನ್ನಡದಲ್ಲೇ ಬರೆದು ಕಳಿಸಬಹುದು. ದಾವಣಗೆರೆ, ಶಿವಮೊಗ್ಗದ ಕಾಲೇಜುಗಳ ಪತ್ರಿಕೋದ್ಯಮ ವಿಭಾಗದವರು, ವರ್ತಕರ ಸಂಘದವರು, ರಂಗತಂಡದವರು ಹರಾಜು ಮುಗಿಯುವ ಮೊದಲೇ ಕೂತು ತಮ್ಮೂರಿನ ಸ್ಟೇಷನ್ ಹೇಗಿರಬೇಕೆಂದು ಮಾತಾಡಿಕೊಳ್ಳಬಹುದು. ಹರಾಜು ಕೂಗಿ ದುಡ್ಡು ಕಟ್ಟಿದ ಮೇಲೆ ಕೇಳಿದರೆ ಕಂಪನಿಯವರು ಷರತ್ತಿನ ಪತ್ರ ತೋರಿಸುತ್ತಾರೆ.