ಗುಂಡುಕಲ್ಲಿನ ಮುಂದೆ

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯತ್ತ ಹಬ್ಬಿದ ಎರಿಹೊಲದ ಸೀಮೆಗೆ ಬಲದ ಬೆರಗು ಹೊಸದಲ್ಲ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತೇ ಕುಮಾರವ್ಯಾಸ ಭಾರತವನ್ನು ಹಾಡಿದನೆಂದು ಜನ ನಂಬಿದ್ದಾರೆ. ಬಕನನ್ನು ಕೊಂದ, ಕೀಚಕನನ್ನು ಮುದ್ದೆಮಾಡಿದ ಭೀಮ ಹೀಗೆ ಈ ನೆಲದವನೇ ಆಗಿಬಿಟ್ಟಿದ್ದಾನೆ. ಆದರೆ ಭೀಮ ವಾಯುಪುತ್ರ. ಅವನ ಬಲವನ್ನು ಕೇಳಿ ನಂಬಬಹುದು. ಹನಮಪ್ಪನ ಗುಡಿಯ ಮುಂದೆ ಬಿದ್ದ ಗುಂಡುಕಲ್ಲನ್ನು ಮಾತ್ರ ನಮ್ಮಂಥ ಮನುಷ್ಯನೇ ಎತ್ತಬೇಕು.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾರಹುಣ್ಣಿಮೆಯೋ ಪಂಚಮಿಯೋ ಜಾತ್ರೆಯೋ ಬಂತೆಂದರೆ ಪಂದ್ಯ ಕಟ್ಟುವವರಿಗೆ ಸುಗ್ಗಿ. ಲಿಂಬಿಹಣ್ಣು ಒಗೆಯುವವರು ಒಂದು ಕಡೆ, ಕ್ವಿಂಟಲ್ ಜೋಳದ ಚೀಲ ಹೆಗಲಿಗೇರಿಸುವವರು ಇನ್ನೊಂದು ಕಡೆ. ಸಂಗ್ರಾಣಿ ಕಲ್ಲು, ಗುಂಡುಕಲ್ಲುಗಳ ಸುತ್ತ ಇನ್ನೂ ದಟ್ಟವಾದ ಗುಂಪು. ಗುಂಡುಕಲ್ಲಿಗೆ ಹಿಡಿಯಿಲ್ಲ, ಅಂಚಿಲ್ಲ. ಪೈಲ್ವಾನ ಅದರ ಮುಂದೆ ಕುಕ್ಕರಿಸಿ, ಎರಡೂ ತೋಳುಗಳಿಂದ ತಬ್ಬಿ, ಮೊದಲು ತೊಡೆಯ ಮೇಲೆ ತಂದುಕೊಳ್ಳುತ್ತಾನೆ. ಅಲ್ಲೊಂದು ಕ್ಷಣ ತಡೆ. ಆಮೇಲೆ ಎದೆಗೆ, ಎದೆಯಿಂದ ಹೆಗಲಿಗೆ. ಕಲ್ಲು ಬೆನ್ನ ಹಿಂದೆ ದೊಪ್ಪನೆ ಬಿದ್ದಾಗ, ಅದುವರೆಗೆ ತಾವೂ ಉಸಿರು ಬಿಗಿಹಿಡಿದಿದ್ದೇವೆಂಬುದು ನೋಡುವವರಿಗೆ ಗೊತ್ತಾಗುತ್ತದೆ.

ಒಳಗೆ ನಡೆಯುವುದು ಇನ್ನೂ ಸೋಜಿಗ. ಪೈಲ್ವಾನ ಬಿಗಿಹಿಡಿದ ಉಸಿರು ಹೊಟ್ಟೆಯೊಳಗೆ ಒತ್ತಡವಾಗಿ ಬೆನ್ನೆಲುಬಿಗೆ ಆಸರೆ ಕೊಡುತ್ತದೆ. ಸಾಮು ಶುರುಮಾಡಿದ ಮೊದಲ ವಾರಗಳಲ್ಲಿ ತೋಳು ಅಷ್ಟಾಗಿ ದಪ್ಪವಾಗುವುದಿಲ್ಲ, ಆದರೂ ಬಲ ಹೆಚ್ಚುತ್ತದೆ. ಮೊದಲೇ ಇದ್ದ ಸ್ನಾಯುವಿನ ಎಳೆಗಳನ್ನು ಒಟ್ಟಿಗೆ ದುಡಿಸುವುದನ್ನು ನರಗಳು ಆಗ ಕಲಿಯುತ್ತಿರುತ್ತವೆ. ಅಂದರೆ ಬಲದ ಒಂದು ಪಾಲು ನಮ್ಮೆಲ್ಲರೊಳಗೂ ಮಲಗಿದೆ, ದಂಡ-ಬಸ್ಕಿ ಅದನ್ನು ಎಬ್ಬಿಸುತ್ತವೆ. ಕಲ್ಲೆತ್ತುವವನನ್ನು ನೋಡಿ ನಮ್ಮ ಮೈ ಜುಮ್ಮೆನ್ನುವುದು ಈ ನಂಟಿನಿಂದಲೇ ಎಂದು ನನಗನಿಸುತ್ತದೆ. ಅವನಿಗೂ ನಮಗೂ ಅವೇ 206 ಎಲುಬು, ಅದೇ ಜೋಳದ ರೊಟ್ಟಿ.

ಗರಡಿಯ ಮೈಕಟ್ಟು ಕನ್ನಡಿಗಾಗಿ ಬೆಳೆದದ್ದಲ್ಲ. ಗಿಡ್ಡ ಕುತ್ತಿಗೆ, ಕಂಬದಂಥ ತೊಡೆ, ಕುಸ್ತಿಯಲ್ಲಿ ತಿಕ್ಕಿ ಮುದುಡಿದ ಕಿವಿ, ಎಲ್ಲವೂ ಕೆಲಸದ ಗುರುತು. ಮೈಯ ಚೆಲುವನ್ನೇ ಒಂದು ಸಾಧನೆಯಾಗಿ ಕಂಡವರು ಬೆಂಗಳೂರಿನ ಕೆ. ವಿ. ಅಯ್ಯರ್. ಸೂರ್ಯನಮಸ್ಕಾರಕ್ಕೆ ಭಾರದ ವ್ಯಾಯಾಮವನ್ನು ಬೆಸೆದು, ವ್ಯಾಯಾಮಶಾಲೆ ಕಟ್ಟಿ, ತಲೆಮಾರುಗಳನ್ನು ತಿದ್ದಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೈಯೂ ಅದೇ. ಗಟ್ಟಿ ಮೈಯೊಳಗೆ ಮೃದು ಮನಸ್ಸಿಗೆ ಜಾಗವಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಗ್ರೀಸಿನ ಒಲಿಂಪಿಯಾದಲ್ಲಿ 143.5 ಕಿಲೋ ತೂಕದ ಒಂದು ಕಲ್ಲು ಸಿಕ್ಕಿದೆ. ಬೈಬಾನ್ ಎಂಬವನು ಇದನ್ನು ಒಂದೇ ಕೈಯಿಂದ ತಲೆಯ ಮೇಲಿಂದ ಎಸೆದನೆಂದು ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಅದರ ಮೇಲೆ ಕೊರೆದಿದ್ದಾರೆ. ಅವನ ಹೆಸರು ಉಳಿಯಿತು. ನಮ್ಮ ಗುಂಡುಕಲ್ಲುಗಳ ಮೈ ಮಾತ್ರ ಬರೀ ನುಣುಪು. ಎಷ್ಟು ತೋಳು ತಬ್ಬಿದವೋ, ಯಾರ ಹೆಸರೂ ಇಲ್ಲ. ನನಗೆ ಈ ಹೆಸರಿಲ್ಲದ ಕಲ್ಲೇ ಹೆಚ್ಚು ಬೆರಗು. ಅಜ್ಜ ಎತ್ತಿದ ತೂಕವೇ ಮೊಮ್ಮಗನಿಗೂ. ಸಾಹುಕಾರನ ಮಗನೆಂದು ಅದು ಹಗುರಾಗುವುದಿಲ್ಲ, ಕೂಲಿಯವನ ಮಗನೆಂದು ಭಾರವಾಗುವುದಿಲ್ಲ. ವಯಸ್ಸಾದ ಪೈಲ್ವಾನನಿಗೂ ಅದು ರಿಯಾಯಿತಿ ಕೊಡದು. ಅವನು ವಸ್ತಾದನಾಗಿ ಪಕ್ಕಕ್ಕೆ ಸರಿದು, ಹುಡುಗನ ಬೆನ್ನು ತಟ್ಟಿ ಮುಂದೆ ಕಳಿಸುತ್ತಾನೆ. ತನ್ನ ಬಲ ಹೋದಮೇಲೂ ಬಲವನ್ನು ಹರಸಬಲ್ಲ ಆ ಕೈಯೇ ಈ ಆಟದ ದೊಡ್ಡ ಸಾಹಸ.

ಗುಡಿಯ ಕಟ್ಟೆ ಹೊಸದಾಗಿ ಕಟ್ಟಿಸುವಾಗ ಈ ಕಲ್ಲನ್ನು ಸಿಮೆಂಟಿನಲ್ಲಿ ಹುಗಿಯಬೇಡಿ, ಕುಂಕುಮ ಹಚ್ಚಿ ಪೂಜೆಗಷ್ಟೇ ಇಡಬೇಡಿ. ಹುಡುಗರ ಕೈಗೆ ಸಿಗುವಲ್ಲಿ ಬಿಡಿ, ಜೊತೆಗೆ ಒಬ್ಬ ವಸ್ತಾದ ಇರಲಿ. ಹತ್ತು ಹುಡುಗರು ಸೋತರೂ ಅಡ್ಡಿಯಿಲ್ಲ. ತನ್ನ ಮೈಯ ಎಲ್ಲೆ ಎಲ್ಲಿದೆ, ಅದನ್ನು ಎಷ್ಟು ದೂರ ತಳ್ಳಬಹುದು ಎಂದು ಮುಟ್ಟಿ ತಿಳಿಯುವ ಹಕ್ಕು ಪ್ರತಿಯೊಬ್ಬನದು.